ಮಿರಜದಲ್ಲಿ ಕಲಿತ ಹೊಟ್ಟೆಯ ಪಾಠ

ಕಳೆದ ಬೇಸಗೆ ರಜೆಯಲ್ಲಿ ಹತ್ತು ದಿನಗಳ ಮಟ್ಟಿಗೆ ಮಿರಜಕ್ಕೆ ಹೋಗಿದ್ದೆ. ನನ್ನ ಅಕ್ಕ ಮದುವೆಯಾಗಿ ಹೋದದ್ದು ಆ ಊರಿಗೆ. ಭಾವ ರೈಲ್ವೆಯಲ್ಲಿದ್ದು ನಿವೃತ್ತರಾದವರು. ಕಾಸರಗೋಡಿನ ಅಂಗಳದಲ್ಲಿ ಆಡಿ ಬೆಳೆದ ಅಕ್ಕ ಅಲ್ಲಿ ಸಂಸಾರ ಹೂಡಿ ಮೂವತ್ತು ವರ್ಷ ಕಳೆಯಿತು. ಒಂದು ವರ್ಷದಿಂದ ಆಕೆಗೆ ಹೊಟ್ಟೆ ಸರಿಯಿಲ್ಲವೆಂದು ಫೋನಿನಲ್ಲಿ ಕೇಳಿ ಕೇಳಿ, ಒಮ್ಮೆ ಕಣ್ಣಾರೆ ನೋಡಿ ಬರೋಣವೆಂದು ಹೊರಟೆ. ಅಲ್ಲಿ ಕಂಡದ್ದನ್ನು ಅಕ್ಕನ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ಒಂದು ಭಾಷೆ, ಆಸ್ಪತ್ರೆಯಲ್ಲಿ ಇನ್ನೊಂದು ಭಾಷೆ ಇರುವ ನಮ್ಮ ಓದುಗರಿಗೆ ಇದರಿಂದ ಉಪಯೋಗವಾದೀತೆಂದು ನನ್ನ ನಂಬಿಕೆ.

ವೈದ್ಯರ ಊರು

ಮಿರಜ ಎಂದರೆ ಸಂಗೀತ ಬಲ್ಲವರಿಗೆ ಸಿತಾರು, ತಂಬೂರಿಗಳ ಊರು. ಖಾನ್ ಸಾಹೇಬ್ ಅಬ್ದುಲ್ ಕರೀಂ ಖಾನರ ಸಮಾಧಿ ಇರುವ ಊರು. ಕಾಯಿಲೆಯವರಿಗೆ ಅದು ವೈದ್ಯರ ಊರು. ವಿಲಿಯಂ ಜೇಮ್ಸ್ ವಾನ್ಲೆಸ್ ಎಂಬ ಕೆನಡಾ ಮೂಲದ ಮಿಶನರಿ ವೈದ್ಯರು 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದರು. ಅಂದಿನಿಂದ ಅಥಣಿ, ಚಿಕ್ಕೋಡಿ, ರಾಯಬಾಗ, ವಿಜಯಪುರ, ಬಾಗಲಕೋಟೆಗಳ ಕಡೆಯ ರೋಗಿಗಳಿಗೆ ಮಿರಜದ ದಾರಿ ರೂಢಿಯಾಯಿತು. 1962ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜೂ ಬಂತು. ಹತ್ತು ಕಿಲೋಮೀಟರಿನಷ್ಟು ಆಚೆಗೆ ಸಾಂಗ್ಲಿ, ಕೃಷ್ಣಾ ನದಿಯ ದಂಡೆಯ ಅರಿಶಿನ ಪೇಟೆ. ಈಗ ಎರಡೂ ಊರುಗಳು ಒಂದೇ ಮಹಾನಗರಪಾಲಿಕೆಯೊಳಗಿವೆ.

ಆಡಳಿತ ಮರಾಠಿಯದಾದರೂ ಮಿರಜದ ಆಸ್ಪತ್ರೆಗಳ ಸರತಿಯಲ್ಲಿ ನಿಂತರೆ ಕನ್ನಡ ಕಿವಿಗೆ ಬೀಳುತ್ತದೆ. ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಹಳ್ಳಿಗಳಲ್ಲಿ ಇಂದಿಗೂ ಕನ್ನಡ ಶಾಲೆಗಳಿವೆ. 1967ರ ಮಹಾಜನ ವರದಿಯಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ನಮ್ಮ ನೆಲದ ಜೊತೆಗೆ ಜತ್ತದ ಕೆಲವು ಹಳ್ಳಿಗಳ ಹೆಸರೂ ಇತ್ತೆಂಬುದು ನಮ್ಮ ಹಿರಿಯರಿಗೆ ನೆನಪಿರಬಹುದು. ವರದಿ ಕಪಾಟಿನಲ್ಲಿ ಉಳಿಯಿತು. ಅವರೂ ನಾವೂ ನಮ್ಮ ನಮ್ಮ ಊರುಗಳಲ್ಲಿ ಗಡಿನಾಡಿಗರಾಗಿ ಉಳಿದೆವು. ಹೀಗಾಗಿ ಆ ಸರತಿಯಲ್ಲಿ ಕುಳಿತಾಗ ನನಗೆ ಪರಸ್ಥಳವೆನಿಸಲಿಲ್ಲ.

ಮನೆಗೆ ಬಂದ ಪೆಟ್ಟಿಗೆ

ಅಕ್ಕನ ತೊಂದರೆ ಹೀಗೆ: ಉಂಡ ಮೇಲೆ ಹೊಟ್ಟೆ ಉಬ್ಬರ, ದಿನವಿಡೀ ಆಯಾಸ, ಬಾಯೊಳಗೆ ಬೆಳ್ಳಗಿನ ಪೊರೆ, ಬಾಯಿ ಚಪ್ಪೆ. ಇನ್ನೂ ಒಂದಿತ್ತು. ಅದನ್ನು ಆಕೆ ಯಾರಿಗೂ ಹೇಳಿರಲಿಲ್ಲ. ಮಹಡಿಯ ಮೇಲೆ ಗಾಳಿಗೆ ಮಲಗಿದ್ದ ಒಂದು ರಾತ್ರಿ ನನಗೆ ಹೇಳಿದಳು: ಬಿಳಿಸೆರಗು, ತಡೆಯಲಾರದ ತುರಿಕೆ, ಆರು ತಿಂಗಳಿಂದ.

"ಡಾಕ್ಟ್ರಿಗೆ ಹೇಳ್ಲಿಲ್ವ ಅಕ್ಕ?" ಎಂದೆ.

"ಹೇಗೆ ಹೇಳುದು ಮಾರಾಯ್ತಿ? ತರಕಾರಿಯ ಮರಾಠಿ ನನಗೆ ಬರ್ತದೆ. ಇದರ ಮರಾಠಿ ಬರುದಿಲ್ಲ. ಮಗನೇ ಪಕ್ಕದಲ್ಲಿ ನಿಂತು ಅರ್ಥ ಹೇಳುದು. ಅವನ ಎದುರು ಬಾಯಿ ಬಿಡ್ಲಿಕ್ಕುಂಟಾ?"

ಹೀಗಾಗಿ ಡಾಕ್ಟರರ ಮುಂದೆ ಆಕೆ ಹೇಳಿದ್ದು ಒಂದೇ ಶಬ್ದ: "ಗ್ಯಾಸ್." ಅವರು ಗ್ಯಾಸಿನ ಗುಳಿಗೆ ಕೊಟ್ಟರು. ಅದರಿಂದ ಗುಣವಾಗಲಿಲ್ಲ. ಪುಣೆಯಲ್ಲಿ ಕೆಲಸದಲ್ಲಿರುವ ಮಗ ತಾಯಿಯ ಮೇಲಿನ ಕಾಳಜಿಯಿಂದ ಒಂಬತ್ತು ಸಾವಿರ ರೂಪಾಯಿ ಕಟ್ಟಿ ಕರುಳಿನ ಆರೋಗ್ಯ ಪರೀಕ್ಷೆಯ ಪೆಟ್ಟಿಗೆಯೊಂದನ್ನು ತರಿಸಿದ. ಪುಟ್ಟ ಕೊಳವೆಯಲ್ಲಿ ಮಲದ ಮಾದರಿ ತೆಗೆದು ಅಂಚೆಯಲ್ಲಿ ಕಳುಹಿಸಿದರೆ ಮೂರು ವಾರದಲ್ಲಿ ವರದಿ. ಯಾವ ಡಾಕ್ಟರರ ಮುಖವನ್ನೂ ನೋಡಬೇಕಿಲ್ಲ, ಯಾವ ಮಾತನ್ನೂ ಆಡಬೇಕಿಲ್ಲ. ಅಕ್ಕನಿಗೆ ಅದೇ ದೊಡ್ಡ ಸಮಾಧಾನವಾಗಿತ್ತು.

ವರದಿ ಬಂತು. ಹದಿನಾರು ಪುಟ, ಎಲ್ಲವೂ ಇಂಗ್ಲಿಷಿನಲ್ಲಿ, ಬಣ್ಣ ಬಣ್ಣದ ಪಟ್ಟಿಗಳು. ಯೀಸ್ಟ್ ಎಂಬಲ್ಲಿ ಕೆಂಪು ಪಟ್ಟಿ. ಕೊನೆಯಲ್ಲಿ ಬಿಡಬೇಕಾದ ಆಹಾರಗಳ ಉದ್ದ ಯಾದಿ: ಇಡ್ಲಿ, ದೋಸೆ, ಮೊಸರು, ಬ್ರೆಡ್ಡು, ದ್ರಾಕ್ಷಿ, ಬಾಳೆಹಣ್ಣು. ಜೊತೆಗೆ ಒಂದು ಪುಡಿ, ಒಂದು ಗುಳಿಗೆ. ಅಕ್ಕ ಶಿಸ್ತಿನ ಹೆಂಗಸು. ಎಲ್ಲವನ್ನೂ ಬಿಟ್ಟಳು. ಮೂರು ತಿಂಗಳಲ್ಲಿ ಆರು ಕಿಲೋ ಇಳಿದಳು. ಪಥ್ಯ ಫಲ ಕೊಡುತ್ತಿದೆ ಎಂದು ಮನೆಮಂದಿಗೆ ಸಂತೋಷವೇ ಆಯಿತು. ಹೊಟ್ಟೆಯ ಉಬ್ಬರ ಮಾತ್ರ ಹೆಚ್ಚಿತ್ತು.

ಯೀಸ್ಟ್ ಎಂದರೆ ಯಾರು?

ತರಗತಿಯಲ್ಲಿ ಶಿಲೀಂಧ್ರಗಳ ಪಾಠ ಮಾಡುವಾಗ ನಾನು ಮಕ್ಕಳಿಗೆ ಮೊದಲು ಕೇಳುವ ಪ್ರಶ್ನೆ, ಬೆಳಗ್ಗೆ ಇಳಿಸಿದ ಕಳ್ಳು ಮಧ್ಯಾಹ್ನಕ್ಕೆ ಏಕೆ ನೊರೆಗಟ್ಟುತ್ತದೆ ಎಂಬುದು. ಮರದ ಸಿಹಿ ನೀರಿಗೆ ಗಾಳಿಯಿಂದಲೂ ಮಡಕೆಯಿಂದಲೂ ಸೇರಿದ ಯೀಸ್ಟ್ ಅದರ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲಾಮ್ಲವನ್ನೂ ಬಿಡುತ್ತದೆ. ಸಾಂಗ್ಲಿ ಜಿಲ್ಲೆಯ ತಾಸಗಾಂವ ಕಡೆಯ ದ್ರಾಕ್ಷಿಯ ಸಿಪ್ಪೆಯ ಮೇಲೂ ಯೀಸ್ಟ್ ಇರುತ್ತದೆ. ಬ್ರೆಡ್ಡನ್ನು ಉಬ್ಬಿಸುವುದೂ ಅದರದೇ ಜಾತಿ. ಒಂದೇ ಕಣದ ಜೀವಿ. ನಮ್ಮ ರಕ್ತದ ಕೆಂಪುಕಣಕ್ಕಿಂತ ತುಸು ಚಿಕ್ಕದು. ಬೂಷ್ಟು, ಅಣಬೆಗಳ ಬಳಗಕ್ಕೆ ಸೇರಿದ್ದು.

ಇಡ್ಲಿ ಹಿಟ್ಟಿನ ವಿಷಯ ಬೇರೆ. ಅದನ್ನು ಉಬ್ಬಿಸುವುದರಲ್ಲಿ ಮುಖ್ಯ ಪಾತ್ರ ಲ್ಯೂಕೋನಾಸ್ಟಾಕ್ ಎಂಬ ಬ್ಯಾಕ್ಟೀರಿಯಾದ್ದು; ಯೀಸ್ಟಿನ ಪಾಲು ಕಡಿಮೆ. ಅಟ್ಟದಲ್ಲಿ ಬೆಂದ ಮೇಲೆ ಎರಡೂ ಬದುಕಿ ಉಳಿಯುವುದಿಲ್ಲ. ಅಕ್ಕ ಇಡ್ಲಿ ಬಿಟ್ಟದ್ದರಿಂದ ಆಕೆಯ ಹೊಟ್ಟೆಯ ಯೀಸ್ಟಿಗೆ ಏನೂ ನಷ್ಟವಾಗಲಿಲ್ಲ. ನಷ್ಟವಾದದ್ದು ಬೆಳಗ್ಗಿನ ಉಪಾಹಾರ.

ನಮ್ಮ ದೇಹದಲ್ಲಿ ನೆಲೆಸುವ ಮುಖ್ಯ ಯೀಸ್ಟಿನ ಹೆಸರು ಕ್ಯಾಂಡಿಡಾ ಅಲ್ಬಿಕಾನ್ಸ್. ಲ್ಯಾಟಿನ್ ಭಾಷೆಯಲ್ಲಿ ಎರಡೂ ಶಬ್ದಗಳ ಮೂಲ ಬಿಳಿಯ ಬಣ್ಣವೇ. ಆರೋಗ್ಯವಂತರಲ್ಲಿ ಸುಮಾರು ಅರ್ಧದಷ್ಟು ಮಂದಿಯ ಬಾಯಿಯಲ್ಲೋ ಕರುಳಿನಲ್ಲೋ ಅದು ಇರುತ್ತದೆ. ಕರುಳಿನ ಕೋಟ್ಯಂತರ ಬ್ಯಾಕ್ಟೀರಿಯಾಗಳ ನಡುವೆ ಅದು ಮೂಲೆಯಲ್ಲಿ ಬಾಡಿಗೆಗೆ ಇರುವ ಸಣ್ಣ ಸಂಸಾರದಂತೆ. ನೆರೆಹೊರೆ ಗಟ್ಟಿಯಾಗಿರುವ ತನಕ ಅದರ ಗಲಾಟೆಯಿಲ್ಲ. ಆಂಟಿಬಯಾಟಿಕ್ ನುಂಗಿ ನೆರೆಯವರನ್ನು ಓಡಿಸಿದರೆ, ರಕ್ತದಲ್ಲಿ ಸಕ್ಕರೆ ಏರಿದರೆ, ಸ್ಟಿರಾಯ್ಡ್ ಮದ್ದಿನಿಂದಲೋ ಬೇರೆ ಕಾಯಿಲೆಯಿಂದಲೋ ದೇಹದ ಕಾವಲು ಕುಗ್ಗಿದರೆ ಅದು ಕೈಕಾಲು ಚಾಚುತ್ತದೆ.

ಆದುದರಿಂದ ಮಲಪರೀಕ್ಷೆಯ ಚೀಟಿಯಲ್ಲಿ ಯೀಸ್ಟ್ ಕಣಗಳು ಕಂಡಿವೆ ಎಂದು ಬರೆದಿದ್ದರೆ, ಅಷ್ಟರಿಂದಲೇ ಅದು ರೋಗವಾಗುವುದಿಲ್ಲ. ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದ ಮಾತ್ರಕ್ಕೆ ಹುಡುಗ ತಂಟೆಕೋರನೆಂದು ಹೇಳುತ್ತೇವೆಯೇ?

ಮದ್ದಿನ ಕಥೆ, ಪುಸ್ತಕದ ಕಥೆ

ಯೀಸ್ಟಿಗೆ ನಂಬಬಹುದಾದ ಮದ್ದು ದೊರೆತ ಕಥೆ ಸ್ವಾರಸ್ಯವಾಗಿದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯಲ್ಲಿ ಎಲಿಜಬೆತ್ ಹೇಜನ್, ರೇಚಲ್ ಬ್ರೌನ್ ಎಂಬ ಇಬ್ಬರು ವಿಜ್ಞಾನಿನಿಯರಿದ್ದರು. ಒಬ್ಬರು ನ್ಯೂಯಾರ್ಕ್ ನಗರದಲ್ಲಿ, ಇನ್ನೊಬ್ಬರು ಆಲ್ಬನಿಯಲ್ಲಿ. ಹೇಜನ್ ಮಣ್ಣಿನ ಸೂಕ್ಷ್ಮಜೀವಿಗಳನ್ನು ಬೆಳೆಸಿ ಜಾಡಿಗಳಲ್ಲಿ ಅಂಚೆಗೆ ಹಾಕುವರು. ಬ್ರೌನ್ ಅದರೊಳಗಿನ ಔಷಧಾಂಶವನ್ನು ಬೇರ್ಪಡಿಸಿ ಅಂಚೆಯಲ್ಲೇ ಮರಳಿಸುವರು. ಹೀಗೆ ವರ್ಜೀನಿಯಾದ ಒಂದು ಹೈನುಗಾರಿಕೆಯ ಜಮೀನಿನ ಮಣ್ಣಿನಿಂದ ದೊರೆತ ಮದ್ದನ್ನು ಅವರು 1950ರಲ್ಲಿ ಲೋಕಕ್ಕೆ ತಿಳಿಸಿದರು. ನ್ಯೂಯಾರ್ಕ್ ಸ್ಟೇಟ್ ಎಂಬ ಹೆಸರಿನಿಂದಲೇ ಅದಕ್ಕೆ ನಿಸ್ಟಾಟಿನ್ ಎಂದು ಹೆಸರಾಯಿತು. ಅದರಿಂದ ಬಂದ 1 ಕೋಟಿ 30 ಲಕ್ಷ ಡಾಲರಿಗೂ ಮಿಕ್ಕಿದ ಗೌರವಧನವನ್ನು ಆ ತಾಯಂದಿರು ವಿಜ್ಞಾನದ ಕೆಲಸಕ್ಕೇ ಬಿಟ್ಟುಕೊಟ್ಟರು.

ಮದ್ದು ಬಂದ ಮೇಲೆ ಅದಕ್ಕೆ ತಕ್ಕ ಕಾಯಿಲೆಗಳೂ ಹೆಚ್ಚಿದವು. 1983ರಲ್ಲಿ ಅಮೆರಿಕದಲ್ಲಿ ವಿಲಿಯಂ ಕ್ರುಕ್ ಎಂಬ ವೈದ್ಯರ ಪುಸ್ತಕವೊಂದು ಪ್ರಕಟವಾಗಿ ಬಹಳ ಪ್ರಸಿದ್ಧವಾಯಿತು. ಆಯಾಸ, ತಲೆನೋವು, ಹೊಟ್ಟೆ ಉಬ್ಬರ, ಮನಸ್ಸಿನ ಬೇಸರ, ಎಲ್ಲಕ್ಕೂ ಕರುಳಿನ ಯೀಸ್ಟೇ ಕಾರಣವಾಗಿರಬಹುದೆಂಬುದು ಅದರ ವಾದ. ಇಂದು ಫೋನಿನಲ್ಲಿ ಮಾರಾಟವಾಗುವ ಎಷ್ಟೋ ಪೆಟ್ಟಿಗೆಗಳ ತಾತ ಆ ವಾದವೇ.

ಅದನ್ನು ಒರೆಗೆ ಹಚ್ಚಿದ್ದೂ ಉಂಟು. ಆ ತೊಂದರೆಯಿದೆಯೆಂದು ಭಾವಿಸಲಾದ 42 ಮಂದಿ ಹೆಂಗಸರಿಗೆ ಅಲಬಾಮಾದ ವೈದ್ಯರು ನಿಸ್ಟಾಟಿನನ್ನೂ ಮದ್ದಿನಂತೆಯೇ ಕಾಣುವ ಹುಸಿಮದ್ದನ್ನೂ ಸರದಿಯ ಮೇಲೆ ಕೊಟ್ಟು ನೋಡಿದರು. ಯಾವುದು ಯಾವುದೆಂದು ಕೊಟ್ಟವರಿಗೂ ಗೊತ್ತಿಲ್ಲ, ತೆಗೆದುಕೊಂಡವರಿಗೂ ಗೊತ್ತಿಲ್ಲ. 1990ರಲ್ಲಿ ಫಲಿತಾಂಶ ಪ್ರಕಟವಾಯಿತು. ಯೋನಿಯ ತುರಿಕೆ, ಉರಿಗಳು ನಿಜವಾದ ಮದ್ದಿನಿಂದ ಹೆಚ್ಚು ಕಡಿಮೆಯಾದವು. ಆಯಾಸ, ಬೇಸರ ಮೊದಲಾದ ಮೈಯ ದೂರುಗಳು ಹುಸಿಮದ್ದಿನಿಂದಲೂ ಇಳಿದವು. ನಿಜವಾದ ಮದ್ದು ಅದಕ್ಕಿಂತ ಹೆಚ್ಚೇನೂ ಮಾಡಲಿಲ್ಲ. ಯೀಸ್ಟ್ ನಿಜವಾಗಿ ಎಲ್ಲಿ ಬೆಳೆದಿತ್ತೋ ಅಲ್ಲಿ ಮದ್ದು ಹಿಡಿಯಿತು. ಇತರ ತೊಂದರೆಗಳ ಬೇರು ಬೇರೆಡೆ ಇತ್ತು.

ಕನ್ನಡ ಬಲ್ಲ ಡಾಕ್ಟರಮ್ಮ

ಮರುದಿನ ನೆರೆಮನೆಯವರು ಹೇಳಿದ ಡಾಕ್ಟರಮ್ಮನೊಬ್ಬರ ಬಳಿಗೆ ಅಕ್ಕನನ್ನು ಕರೆದೊಯ್ದೆ. ಅಥಣಿ ಕಡೆಯವರು. ಹದಿನಾರು ಪುಟದ ವರದಿಯನ್ನು ಅವರು ಒಮ್ಮೆ ತಿರುವಿ ಬದಿಗಿಟ್ಟರು. ಅಕ್ಕನ ಮಗನನ್ನು "ಹೊರಗ ಕೂತಿರಪ್ಪಾ" ಎಂದು ಕಳುಹಿಸಿದರು. ಆಮೇಲೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೇಳಿದರು:

"ಅಕ್ಕಾರ, ರಾತ್ರಿ ಎಷ್ಟ ಸಲ ಏಳತೀರಿ?"

"ನಾಲ್ಕೈದು ಸಲ ಏಳ್ತೇನೆ ಡಾಕ್ಟ್ರೇ. ಬಾಯಾರಿಕೆ ತಡೆಯುದಿಲ್ಲ. ಚೆಂಬು ಪಕ್ಕದಲ್ಲೇ ಇಟ್ಟುಕೊಳ್ಳುದು."

"ಕೆಳಗ ತುರಿಕಿ ಐತೇನ್ರಿ?"

ಅಕ್ಕ ತಲೆ ತಗ್ಗಿಸಿ "ಉಂಟು" ಎಂದಳು. ಅಷ್ಟೇ. ಆರು ತಿಂಗಳಲ್ಲಿ ಹೊರಡದ ಶಬ್ದ ಅರ್ಧ ನಿಮಿಷದಲ್ಲಿ ಹೊರಟಿತು. ಒಬ್ಬರದು ಬಯಲುಸೀಮೆಯ ಕನ್ನಡ, ಇನ್ನೊಬ್ಬರದು ಕರಾವಳಿಯ ಕನ್ನಡ; ಆದರೂ ನಡುವೆ ಯಾರೂ ಅರ್ಥ ಹೇಳಬೇಕಾಗಲಿಲ್ಲ.

ಡಾಕ್ಟರಮ್ಮ ಟಾರ್ಚು ಹಿಡಿದು ಬಾಯಿ ನೋಡಿದರು. ಬಿಳಿಯ ಪೊರೆಯನ್ನು ಒರೆಸಿ ತೆಗೆದು ಕೆಳಗಿನ ಕೆಂಪನ್ನು ತೋರಿಸಿದರು. ಒಳಪರೀಕ್ಷೆ ಮಾಡಿ ಸ್ರಾವದ ಒಂದು ತೊಟ್ಟನ್ನು ಗಾಜಿನ ಮೇಲೆ ಹಚ್ಚಿ ಸೂಕ್ಷ್ಮದರ್ಶಕಕ್ಕೆ ಕಳುಹಿಸಿದರು. ರಕ್ತಪರೀಕ್ಷೆಗೂ ಬರೆದರು. ಸಂಜೆಗೆ ಉತ್ತರ ಸಿಕ್ಕಿತು. ಯೀಸ್ಟ್ ಇದ್ದದ್ದು ನಿಜ. ಆದರೆ ಬರಿಹೊಟ್ಟೆಯ ಸಕ್ಕರೆ 242. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 10.8. ಬರಿಹೊಟ್ಟೆಯಲ್ಲಿ 126 ದಾಟಿದರೆ, ಎಚ್‌ಬಿಎ1ಸಿ 6.5 ಮುಟ್ಟಿದರೆ ಮಧುಮೇಹವೆಂದು ಲೆಕ್ಕ. ಆರು ಕಿಲೋ ಇಳಿದದ್ದು ಪಥ್ಯದ ಫಲವಾಗಿರಲಿಲ್ಲ. ಸಕ್ಕರೆ ಕಾಯಿಲೆ ಮೈಯನ್ನು ಕರಗಿಸುತ್ತಿತ್ತು. ಪೆಟ್ಟಿಗೆಯ ಜೊತೆ ಬಂದ ಪುಡಿಯಲ್ಲಿ ಕರುಳಿನಲ್ಲಿ ಹುದುಗುವ ನಾರು ಇತ್ತು. ಹೆಚ್ಚಿದ ಉಬ್ಬರಕ್ಕೆ ಅದೇ ಕಾರಣವಿರಬೇಕೆಂದು ಅವರು ನಿಲ್ಲಿಸಿದರು.

ನನಗೆ ನಾಚಿಕೆಯಾಯಿತು. ಮೂರು ರಾತ್ರಿ ಅದೇ ಮನೆಯಲ್ಲಿ ಮಲಗಿದ್ದೆ. ಅಕ್ಕ ಏಳುವುದನ್ನೂ ಕಂಡೆ, ಚೆಂಬನ್ನೂ ಕಂಡೆ. ಮಕ್ಕಳಿಗೆ ಮಧುಮೇಹದ ಲಕ್ಷಣಗಳನ್ನು ಬಾಯಿಪಾಠ ಮಾಡಿಸುವ ನನಗೆ ಕಣ್ಣೆದುರಿನ ಪಾಠ ಓದಲು ಬರಲಿಲ್ಲ. ಸೆಕೆಗೆ ಬಾಯಾರಿಕೆ ಎಂದುಕೊಂಡೆ.

ಅಕ್ಕನಂತಹವರು ದೇಶದಲ್ಲಿ ಕಡಿಮೆಯಿಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆ. ಕೇರಳ ಈ ಲೆಕ್ಕದಲ್ಲಿ ಮುಂದಿರುವ ರಾಜ್ಯಗಳಲ್ಲಿ ಒಂದು. ಮತ್ತೆ ಮತ್ತೆ ಬರುವ ಯೀಸ್ಟಿನ ತುರಿಕೆ ಆ ಕಾಯಿಲೆ ಮನೆಬಾಗಿಲು ತಟ್ಟುವ ಸದ್ದಾಗಿರಬಹುದು.

ಯಾವ ಪರೀಕ್ಷೆ ಏನು ಹೇಳುತ್ತದೆ?

ಮನೆಗೆ ಬರುವ ಕರುಳಿನ ಪರೀಕ್ಷೆಗಳು ಮಲದಲ್ಲಿರುವ ಸೂಕ್ಷ್ಮಜೀವಿಗಳ ಯಾದಿ ಕೊಡುತ್ತವೆ. ಆದರೆ ಯಾವುದು ಎಷ್ಟಿದ್ದರೆ ಸರಿ ಎಂಬುದಕ್ಕೆ ಎಲ್ಲರೂ ಒಪ್ಪಿದ ಅಳತೆಗೋಲು ಇನ್ನೂ ಇಲ್ಲ. ಇಂದಿನ ಊಟಕ್ಕೂ ನಾಳಿನ ಊಟಕ್ಕೂ ಯಾದಿ ಬದಲಾಗುತ್ತದೆ. ಪ್ರಶ್ನೆಪತ್ರಿಕೆಯೇ ಇಲ್ಲದೆ ಅಂಕ ಕೊಟ್ಟಂತೆ ಅದು. ಬೆಳಗ್ಗೆ ಗಾಜಿನ ಲೋಟದ ನೀರಿಗೆ ಉಗುಳಿ, ಎಳೆ ಎಳೆಯಾಗಿ ಇಳಿದರೆ ಯೀಸ್ಟ್ ಎನ್ನುವ ಮನೆ ಪರೀಕ್ಷೆಯೂ ಚಾಲ್ತಿಯಲ್ಲಿದೆ. ಉಗುಳಿನ ಲೋಳೆ ಯಾರದಾದರೂ ಹಾಗೆಯೇ ಇಳಿಯುತ್ತದೆ.

ಡಾಕ್ಟರರು ಹೊಟ್ಟೆಯ ದೂರಿಗೆ ಬರೆಯುವ ಪರೀಕ್ಷೆಗಳು ಒಂದೊಂದು ಪ್ರಶ್ನೆಗೆ ಒಂದೊಂದು ಉತ್ತರ ಕೊಡುತ್ತವೆ. ರಕ್ತದ ಹಿಮೋಗ್ಲೋಬಿನ್ ಕಡಿಮೆಯಿದ್ದರೆ ಎಲ್ಲೋ ರಕ್ತ ಸೋರುತ್ತಿರಬಹುದು, ಇಲ್ಲವೆ ಕಬ್ಬಿಣಾಂಶದ ಕೊರತೆಯಿರಬಹುದು. ಸಾದಾ ಮಲಪರೀಕ್ಷೆ ಕೊಕ್ಕೆಹುಳು, ಅಮೀಬಾ, ಜಿಯಾರ್ಡಿಯಾಗಳನ್ನು ತೋರಿಸುತ್ತದೆ. ಕಣ್ಣಿಗೆ ಕಾಣದ ರಕ್ತವನ್ನು ಮಲದಲ್ಲಿ ಹುಡುಕುವ ಪರೀಕ್ಷೆ ಬೇರೆ. ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಮಲಪರೀಕ್ಷೆ ಕರುಳಿನ ಉರಿಯೂತವನ್ನು ಸೂಚಿಸುತ್ತದೆ. ಗೋಧಿ ಒಗ್ಗದಿರುವ ಸೀಲಿಯಾಕ್ ಕಾಯಿಲೆಗೆ ರಕ್ತಪರೀಕ್ಷೆಯಿದೆ. ಆದರೆ ಅದನ್ನು ಮಾಡಿಸುವ ಮೊದಲೇ ಗೋಧಿ ಬಿಟ್ಟರೆ ಉತ್ತರ ತಪ್ಪಾಗುತ್ತದೆ. ಹಾಲು ಒಗ್ಗದವರು ಎರಡು ವಾರ ಹಾಲು ಬಿಟ್ಟು ನೋಡಿದರೆ ಬಹಳಷ್ಟು ತಿಳಿಯುತ್ತದೆ, ಅದಕ್ಕೆ ಖರ್ಚಿಲ್ಲ.

ಯೀಸ್ಟ್ ಕರುಳಿಗೆ ಎಂದೂ ತೊಂದರೆ ಕೊಡುವುದಿಲ್ಲವೆಂದು ನಾನು ಹೇಳುತ್ತಿಲ್ಲ. ದೇಹದ ಕಾವಲು ಬಹಳ ಕುಗ್ಗಿದವರ ಅನ್ನನಾಳದಲ್ಲಿ ಅದು ಬೆಳೆದರೆ ನುಂಗುವಾಗ ನೋವಾಗುತ್ತದೆ. ಸಣ್ಣ ಕರುಳಿನಲ್ಲಿ ಅದು ಮಿತಿಮೀರಿ ಬೆಳೆಯುವುದನ್ನೂ ವೈದ್ಯರು ಗುರುತಿಸಿದ್ದಾರೆ. ಅದನ್ನು ತಿಳಿಯಲು ಎಂಡೋಸ್ಕೋಪಿಯ ಕೊಳವೆಯಿಂದ ಸಣ್ಣ ಕರುಳಿನ ರಸವನ್ನೇ ತೆಗೆದು ಬೆಳೆಸಿ ನೋಡಬೇಕು, ಮಲದಿಂದ ತಿಳಿಯದು. ತೀರಾ ಅಪರೂಪಕ್ಕೆ ಕೆಲವರ ಕರುಳಿನ ಯೀಸ್ಟ್ ಉಂಡ ಅನ್ನದಿಂದಲೇ ಮದ್ಯಸಾರ ತಯಾರಿಸಿ, ಕುಡಿಯದವರನ್ನೂ ಅಮಲಿಗೆ ಕೆಡಹಿದ್ದುಂಟು. ಹೊಟ್ಟೆಯೇ ಕಳ್ಳಿನ ಮಡಕೆಯಾದಂತೆ! ಇನ್ನು, ತುರ್ತುನಿಗಾ ಘಟಕದ ರೋಗಿಗಳ ರಕ್ತಕ್ಕೆ ಕ್ಯಾಂಡಿಡಾ ಇಳಿದರೆ ಪ್ರಾಣಕ್ಕೇ ಅಪಾಯ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಅತಿ ಅಪಾಯಕರ ಶಿಲೀಂಧ್ರಗಳ ಗುಂಪಿನಲ್ಲಿ ಕ್ಯಾಂಡಿಡಾ ಅಲ್ಬಿಕಾನ್ಸ್ ಸಹ ಇದೆ.

ಮನೆಮಂದಿ ತಿಳಿದಿರಬೇಕಾದದ್ದು

ಸಾಮಾನ್ಯ ಮನೆಗಳಲ್ಲಿ ಯೀಸ್ಟ್ ಕಾಣಿಸುವ ಜಾಗಗಳು ಕೆಲವೇ. ಎಳೆಮಕ್ಕಳ ಬಾಯಿ, ಕಟ್ಟಿಸಿದ ಹಲ್ಲಿನ ಅಜ್ಜಂದಿರ ಬಾಯಿ, ದಮ್ಮಿಗೆ ಸ್ಟಿರಾಯ್ಡ್ ಎಳೆದುಕೊಳ್ಳುವವರ ಬಾಯಿ. ದಮ್ಮಿನವರು ಮದ್ದು ಎಳೆದ ಮೇಲೆ ಬಾಯಿ ಮುಕ್ಕಳಿಸಿದರೆ ಅರ್ಧ ತೊಂದರೆ ತಪ್ಪುತ್ತದೆ. ನಾವು ಅಡಿಕೆಯ ನಾಡಿನವರು ಒಂದು ಮಾತು ನೆನಪಿಡಬೇಕು: ಯೀಸ್ಟಿನ ಬಿಳಿ ಪೊರೆ ಒರೆಸಿದರೆ ಬರುತ್ತದೆ. ಎಲೆಯಡಿಕೆ, ಹೊಗೆಸೊಪ್ಪು ಹಾಕುವವರ ಬಾಯಲ್ಲಿ ಒರೆಸಿದರೂ ಹೋಗದ ಬಿಳಿ ಮಚ್ಚೆ ಕಂಡರೆ ತಡಮಾಡದೆ ತೋರಿಸಬೇಕು. ಅದು ಕ್ಯಾನ್ಸರಿಗೆ ತಿರುಗಬಹುದು.

ಹೆಂಗಸರಲ್ಲಿ ನಾಲ್ವರಲ್ಲಿ ಮೂವರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಯೀಸ್ಟಿನ ತುರಿಕೆ ಬರುತ್ತದೆ ಎಂದು ವೈದ್ಯರ ಅಂದಾಜು. ಅದು ಅಪರಾಧವಲ್ಲ, ಅವಮಾನವೂ ಅಲ್ಲ. ಆದರೆ ತುರಿಕೆ, ಸ್ರಾವಗಳೆಲ್ಲ ಯೀಸ್ಟಿನಿಂದಲೇ ಬರುವುದಿಲ್ಲ. ಬ್ಯಾಕ್ಟೀರಿಯಾದಿಂದ, ಇತರ ಸೋಂಕುಗಳಿಂದಲೂ ಬರುತ್ತವೆ. ಒಂದು ತೊಟ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಹಳ ಮಟ್ಟಿಗೆ ತಿಳಿಯುತ್ತದೆ. ದುರ್ವಾಸನೆ, ರಕ್ತ ಕಂಡರೆ ತೋರಿಸಲೇಬೇಕು. ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವ ಹೊಸ ಬಗೆಯ ಮಧುಮೇಹದ ಗುಳಿಗೆಗಳಿಂದಲೂ ಈ ತುರಿಕೆ ಬರುವುದುಂಟು; ಗುಳಿಗೆಯನ್ನು ತಾವೇ ನಿಲ್ಲಿಸದೆ ಡಾಕ್ಟರರಿಗೆ ತಿಳಿಸಬೇಕು.

ಮದ್ದಿನಂಗಡಿಯಲ್ಲಿ ಕೇಳಿ ಫ್ಲುಕೊನಜೋಲ್ ನುಂಗುವ ಅಭ್ಯಾಸ ಒಳ್ಳೆಯದಲ್ಲ. ಮಧುಮೇಹದ ಕೆಲವು ಗುಳಿಗೆಗಳ ಜೊತೆ ಅದು ಸೇರಿದರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಜೊತೆ ಸೇರಿದರೆ ರಕ್ತಸ್ರಾವದ ಭಯ. ಬಸುರಿಯರು ಕೇಳದೆ ನುಂಗಲೇಬಾರದು.

ಹೊಟ್ಟೆಯ ದೂರಿನ ಜೊತೆ ಇವು ಇದ್ದರೆ ಯೀಸ್ಟ್, ಪಥ್ಯ ಎಂದು ದಿನ ಕಳೆಯಬಾರದು: ಪ್ರಯತ್ನವಿಲ್ಲದೆ ತೂಕ ಇಳಿಯುವುದು, ಮಲದಲ್ಲಿ ರಕ್ತ ಅಥವಾ ಡಾಂಬರಿನಂಥ ಕಪ್ಪು ಮಲ, ನುಂಗಲು ಕಷ್ಟ, ನಿಲ್ಲದ ವಾಂತಿ, ಜ್ವರ, ನಿದ್ದೆಯಿಂದ ಎಬ್ಬಿಸುವ ನೋವು, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ.

ಗ್ಯಾಸ್ ಎಂಬ ಒಂದೇ ಶಬ್ದ

ಶಾಲೆ ತೆರೆದ ಮೇಲೆ ಎಂಟನೆಯ ತರಗತಿಯ ಮಕ್ಕಳಿಗೆ ಒಂದು ಮನೆಗೆಲಸ ಕೊಟ್ಟೆ. ಅಜ್ಜಿಯರನ್ನು ಕೇಳಿ ಹೊಟ್ಟೆಯ ತೊಂದರೆಗಳ ಕನ್ನಡ ಶಬ್ದಗಳನ್ನು ಬರೆದುಕೊಂಡು ಬನ್ನಿ ಎಂದೆ. ಮರುದಿನ ಕರಿಹಲಗೆ ತುಂಬಿತು: ಹುಳಿತೇಗು, ಎದೆಯುರಿ, ಹೊಟ್ಟೆ ತೊಳಸುವುದು, ಹೊಟ್ಟೆ ನುಲಿಯುವುದು, ಉಬ್ಬರ, ಓಕರಿಕೆ, ಬಾಯಿ ಚಪ್ಪೆ, ಕರುಳು ಹಿಂಡಿದಂತೆ, ಹೊಟ್ಟೆ ಕಲ್ಲಾದಂತೆ. ಒಂದೊಂದೂ ಡಾಕ್ಟರರನ್ನು ಒಂದೊಂದು ದಾರಿಗೆ ಕರೆದೊಯ್ಯುವ ಶಬ್ದ. ಎದೆಯುರಿಯ ದಾರಿ ಬೇರೆ, ನುಲಿತದ ದಾರಿ ಬೇರೆ. ಇವೆಲ್ಲವನ್ನೂ ನಾವು ಗ್ಯಾಸ್ ಎಂಬ ಒಂದೇ ಚೀಲಕ್ಕೆ ತುಂಬಿ ಆಸ್ಪತ್ರೆಗೆ ಒಯ್ಯುತ್ತೇವೆ. ಆ ಚೀಲದೊಳಗೆ ಹೃದಯಾಘಾತವೂ ಅಡಗಿ ಕುಳಿತ ಉದಾಹರಣೆಗಳಿವೆ.

ನಮ್ಮ ಜಿಲ್ಲೆಯಲ್ಲೂ ಅಕ್ಕನಂಥವರು ಎಷ್ಟೋ ಮಂದಿ. ಪೇಟೆಯ ಮಲಯಾಳ ಬಲ್ಲರು. ಮೈಯ ಒಳಗಿನ ನೋವಿಗೆ ಬೇಕಾದ ಮಲಯಾಳ ಅವರಿಗೆ ಬಾರದು. ಸರಕಾರಿ ಕಚೇರಿಯೊಡನೆ ಕನ್ನಡದಲ್ಲಿ ವ್ಯವಹರಿಸುವ ಅವಕಾಶವನ್ನು ಕೇರಳದ 1969ರ ಭಾಷಾ ಕಾಯಿದೆ ನಮಗೆ ಕೊಟ್ಟಿದೆ. ಅರ್ಜಿಗೆ ಆ ಹಕ್ಕನ್ನು ಕೇಳುವ ನಾವು ಆಸ್ಪತ್ರೆಯ ಕೋಣೆಯಲ್ಲಿ ಕನ್ನಡ ಬಲ್ಲ ಒಬ್ಬ ದಾದಿಯನ್ನು ಕರೆಯಿರೆಂದು ಕೇಳಲು ಸಂಕೋಚಪಡುತ್ತೇವೆ. ಕೇಳಬೇಕು. ಹೆಂಗಸರ ಮಾತಿಗೆ ಹೆಂಗಸೇ ಅರ್ಥ ಹೇಳುವಂತಾಗಬೇಕು. ಮಗನನ್ನೋ ಅಳಿಯನನ್ನೋ ನಡುವೆ ನಿಲ್ಲಿಸಬಾರದು.

ಹೋಗುವ ಮೊದಲು ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದುಕೊಳ್ಳಿ: ತೊಂದರೆ ಎಂದು ಶುರುವಾಯಿತು? ಊಟಕ್ಕೆ ಮೊದಲೋ, ಆಮೇಲೆಯೋ? ರಾತ್ರಿ ಎಷ್ಟು ಸಲ ಏಳುತ್ತೇನೆ? ತೂಕ ಇಳಿದಿದೆಯೇ? ಮಲದ ಬಣ್ಣ ಏನು? ಇತ್ತೀಚೆಗೆ ಯಾವ ಮದ್ದು ತೆಗೆದುಕೊಂಡೆ, ಹಳ್ಳಿಮದ್ದು ಸೇರಿ? ಬಾಯಲ್ಲಿ, ಚರ್ಮದ ಮಡಿಕೆಗಳಲ್ಲಿ, ಗುಪ್ತಭಾಗದಲ್ಲಿ ಬಿಳುಪು, ತುರಿಕೆ ಇದೆಯೇ? ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ಕರುಳಿನ ಕ್ಯಾನ್ಸರ್ ಇತ್ತು? ಬಲ್ಲವರಿಂದ ಅದನ್ನು ಮಲಯಾಳಕ್ಕೋ ಇಂಗ್ಲಿಷಿಗೋ ಬರೆಸಿ ಕೈಯಲ್ಲಿ ಹಿಡಿದು ಹೋಗಿ. ನಾಚಿಕೆಯ ಮಾತನ್ನು ಬಾಯಿ ಹೇಳದಿದ್ದರೂ ಹಾಳೆ ಹೇಳುತ್ತದೆ. ಬರೆಸಲು ಯಾರೂ ಇಲ್ಲದಿದ್ದರೆ ಊರಿನ ಶಾಲೆಗೆ ಬನ್ನಿ. ಅಷ್ಟು ಕೆಲಸ ನಮ್ಮಿಂದಾದೀತು.

ಮೊನ್ನೆ ಅಕ್ಕ ಫೋನು ಮಾಡಿದ್ದಳು. ಸಕ್ಕರೆ ಹತೋಟಿಗೆ ಬಂದಿದೆ. ಬಾಯಿಯ ಬಿಳುಪು, ತುರಿಕೆ ಎರಡೂ ಹೋಗಿವೆ. ಇಳಿದ ತೂಕದಲ್ಲಿ ಮೂರು ಕಿಲೋ ಮರಳಿ ಬಂದಿದೆ. ರಾತ್ರಿ ಒಮ್ಮೆ ಮಾತ್ರ ಏಳುತ್ತಾಳಂತೆ.

"ಮತ್ತೆ ಊಟ ತಿಂಡಿ ಹೇಗೆ ಅಕ್ಕ?" ಎಂದು ಕೇಳಿದೆ.

"ಲೆಕ್ಕ ಮಾಡಿ ತಿನ್ನುದು" ಎಂದಳು. "ಆದ್ರೆ ಇವತ್ತು ಬೆಳಿಗ್ಗೆ ಎರಡು ಇಡ್ಲಿ ತಿಂದೆ, ಗೊತ್ತುಂಟಾ?"